ಹುಟ್ಟಿಗೇ ಬರೆದ ಅಪರಾಧ
(ಕಬ್ಬಾಳಿನ ಸಭೆಯಲ್ಲಿ ಆಡಿದ ಮಾತು)

ಹಾಸ್ಟೆಲಿನ ಗೆಳೆಯರೇ,

ಎದುರಿಗಿರುವ ಈ ಕಬ್ಬಾಳುದುರ್ಗ ಹಿಂದೆ ಅರಸರ ಸೆರೆಮನೆ. ಬೆಟ್ಟದ ಸೆರೆ ಮುಗಿಯಿತು. ಕಾಗದದ ಸೆರೆ ಮುಗಿದಿಲ್ಲ.

1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಕದ್ದವನು ಮಾತ್ರ ಕಳ್ಳನಲ್ಲ, ಕೊರಚರ ಗುಡಿಸಲಲ್ಲಿ ಹುಟ್ಟಿದ ಕೂಸೂ ಕಳ್ಳ! ಠಾಣೆಗೆ ಹಾಜರಿ, ಊರು ದಾಟಲು ಪಾಸು. 1952ರಲ್ಲಿ ಕಾಯ್ದೆ ರದ್ದಾಯಿತು. 1961ರಲ್ಲಿ ನಮ್ಮ ರಾಜ್ಯದಲ್ಲೇ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ಕಾಗದ ಬದಲಾಯಿತು, ಪೊಲೀಸರ ಕಣ್ಣು ಬದಲಾಗಲಿಲ್ಲ.

ಹದಿನೆಂಟು ತುಂಬದ ಹುಡುಗ ತಪ್ಪು ಮಾಡಿದರೆ, ಕೆಲವು ಘೋರ ಪ್ರಕರಣ ಬಿಟ್ಟು, ಅವನ ದಾಖಲೆಯನ್ನೇ ನಾಶ ಮಾಡಬೇಕು ಅನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು. ಒಳ್ಳೇದೇ. ಈ ಕಲಮು ನಿಮಗೆಲ್ಲ ಬಾಯಿಪಾಠ ಆಗಲಿ. ಆದರೆ ತಪ್ಪೇ ಮಾಡದ ಜನರ ದಾಖಲೆ ಅಳಿಸೋರು ಯಾರು?

ಪತ್ರಕರ್ತೆ ಸುಕನ್ಯಾ ಶಾಂತಾ ಕೇಳಿದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಜೈಲಿನ ರಿಜಿಸ್ಟರುಗಳಿಂದ ಜಾತಿಯ ಕಾಲಂ ಕಿತ್ತುಹಾಕಿ ಎಂದಿತು.

ತೀರ್ಪು ತಾನಾಗಿ ನಡೆದು ಬರೋದಿಲ್ಲ. ಓದು ಕಲಿತಿದ್ದೇವೆ, ಮಾಹಿತಿ ಹಕ್ಕಿನ ಅರ್ಜಿ ಬರೆಯೋಣ. ಕಾಲಂ ಅಳಿಸಿತೇ, ಇಲ್ಲವೇ? ಜೈಲು ಜೈಲಿಗೂ ಕೇಳೋಣ.