ಎಲ್ಲವನ್ನೂ ಜನರನ್ನೇ ಕೇಳಬೇಕೆ?



ಇವತ್ತಿನ ದಿಕ್ಸೂಚಿ ಭಾಷಣಕ್ಕೆ ನಾನು ಒಂದೇ ಪ್ರಶ್ನೆಯನ್ನು ಆರಿಸಿಕೊಂಡಿದ್ದೇನೆ: ದೇಶದ ದೊಡ್ಡ ತೀರ್ಮಾನಗಳಿಗೆ ಇನ್ನೂ ಹೆಚ್ಚು ಜನಮತಗಣನೆಗಳು ಬೇಕೆ?

ಭಾರತದಿಂದ ಬಂದ ನಮಗೆ ಈ ಪದ್ಧತಿ ಹೊಸದು. ಅಲ್ಲಿ ಸಂವಿಧಾನವನ್ನು ತಿದ್ದುವುದು ಸಂಸತ್ತು. ಕೆಲವು ತಿದ್ದುಪಡಿಗಳಿಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ಮತದಾರನನ್ನು ಯಾರೂ ನೇರವಾಗಿ ಕೇಳುವುದಿಲ್ಲ. ಇಲ್ಲಿ ಐರ್ಲೆಂಡಿನ ಸಂವಿಧಾನವಾದರೋ 1937ರಲ್ಲಿ ಜನರ ಮತದಿಂದಲೇ ಜಾರಿಗೆ ಬಂತು. ಇಂದು ಅದರಲ್ಲಿ ಒಂದು ಪದ ಬದಲಿಸಬೇಕಾದರೂ ಜನರ ಬಳಿಗೇ ಹೋಗಬೇಕು.

ಮೊದಲು ಇದರ ಲಾಭ ನೋಡೋಣ. ಜನಮತಗಣನೆ ಒಂದು ಪ್ರಶ್ನೆಯನ್ನು ಪಕ್ಷ ರಾಜಕೀಯದಿಂದ ಬಿಡಿಸಿ ಕೇಳುತ್ತದೆ. ನಮ್ಮ ನೆರೆಯ ಗೋವಾವನ್ನೇ ನೋಡಿ. ಮಹಾರಾಷ್ಟ್ರದೊಂದಿಗೆ ವಿಲೀನವೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುವುದೋ ಎಂದು 1967ರ ಜನವರಿ 16ರಂದು ಅಲ್ಲಿನ ಜನರನ್ನು ಕೇಳಲಾಯಿತು. ವಿಲೀನ 34,021 ಮತಗಳಿಂದ ಸೋತಿತು. ಕೆಲವೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಅದೇ ಜನ, ವಿಲೀನದ ಪರವಾಗಿದ್ದ ದಯಾನಂದ ಬಾಂದೋಡ್ಕರರ ಪಕ್ಷವನ್ನು ಗೆಲ್ಲಿಸಿದರು. 'ನಿಮ್ಮ ಸರ್ಕಾರ ಇರಲಿ, ವಿಲೀನ ಬೇಡ' ಎಂದು ಬರೀ ಚುನಾವಣೆಯಲ್ಲಿ ಹೇಳಲು ಅವರಿಗೆ ದಾರಿ ಇರುತ್ತಿರಲಿಲ್ಲ.

ಎರಡನೆಯ ಉದಾಹರಣೆ ನಮಗೆಲ್ಲ ನೋವಿನದು. ಬೆಳಗಾವಿಯ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರಿನಲ್ಲಿ ಗಾಲ್ವೆಯಲ್ಲಿ ತೀರಿಕೊಂಡರು. ಗರ್ಭ ಉಳಿಯುವುದಿಲ್ಲ ಎಂದು ತಿಳಿದ ಮೇಲೂ ಆಕೆ ಕೇಳಿದ ಗರ್ಭಪಾತ ಸಿಗಲಿಲ್ಲ; ನಂಜು ಮೈಯೇರಿತು. ಗರ್ಭಪಾತವನ್ನು ಅಷ್ಟು ಬಿಗಿಯಾಗಿ ತಡೆದಿದ್ದು ಸಂವಿಧಾನದ ಎಂಟನೆಯ ತಿದ್ದುಪಡಿ. 2018ರ ಮೇ 25ರಂದು ಜನ ಅದನ್ನು ಶೇ. 66.4ರಷ್ಟು ಮತಗಳಿಂದ ತೆಗೆದುಹಾಕಿದರು. ಆ ಪ್ರಚಾರದ ಸಮಯದಲ್ಲಿ ನಮ್ಮೂರ ಹೆಣ್ಣುಮಗಳ ಚಿತ್ರ ಇಲ್ಲಿನ ಗೋಡೆಗಳ ಮೇಲಿತ್ತು. ನಾನು ಇಲ್ಲಿನ ಪೌರನಾದ ಮೇಲೆ ಜನಮತಗಣನೆಯಲ್ಲಿ ಹಾಕಿದ ಮೊದಲ ಮತ ಅದು.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಆ ಎಂಟನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿದ್ದೂ ಜನಮತಗಣನೆಯಿಂದಲೇ, 1983ರಲ್ಲಿ, ಶೇ. 66.9ರಷ್ಟು ಮತಗಳಿಂದ. ಜನ ಹಾಕಿದ ಗಂಟನ್ನು ಜನರೇ ಬಿಚ್ಚಬೇಕು. ಸಂಸತ್ತಿನಲ್ಲಿ ಮನಸ್ಸಿದ್ದವರೂ ಕೈಕಟ್ಟಿ ಕುಳಿತಿರಬೇಕಾಯಿತು. ಬಿಚ್ಚಲು ಮೂವತ್ತೈದು ವರ್ಷ ಹಿಡಿಯಿತು.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ: ಮತವಿಲ್ಲದವರ ಹಕ್ಕನ್ನು ಮತವಿರುವವರು ತೀರ್ಮಾನಿಸುವುದು. 2004ರ ಜೂನ್ 11ರಂದು ಇಲ್ಲಿ ಪೌರತ್ವದ ಜನಮತಗಣನೆ ನಡೆಯಿತು. ಈ ನೆಲದಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದಲೇ ಸಿಗುತ್ತಿದ್ದ ಪೌರತ್ವ, ತಂದೆತಾಯಿ ಇಬ್ಬರೂ ಹೊರದೇಶದವರಾದರೆ ಇನ್ನು ತಾನಾಗಿ ಸಿಗಬಾರದು ಎಂದು ಶೇ. 79ರಷ್ಟು ಮತಗಳು ಬಿದ್ದವು. ಅಂದು ನಾನು ಡಬ್ಲಿನ್ನಿನಲ್ಲಿ ವರ್ಕ್ ಪರ್ಮಿಟ್ಟಿನ ಮೇಲಿದ್ದೆ. ಅದೇ ದಿನ ಸ್ಥಳೀಯ ಚುನಾವಣೆಯೂ ಇತ್ತು. ರಸ್ತೆ, ಪಾರ್ಕು, ಕಸದ ವಿಚಾರ ನೋಡುವ ಕೌನ್ಸಿಲರನ್ನು ಆರಿಸುವ ಮತಪತ್ರ ನನ್ನ ಕೈಗೆ ಬಂತು. ನಮ್ಮಂಥವರ ಮಕ್ಕಳ ಪೌರತ್ವ ತೀರ್ಮಾನಿಸುವ ಮತಪತ್ರ ಬರಲಿಲ್ಲ. ಮತ ಹಾಕಿದವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಸಂಬಂಧಪಟ್ಟವರ ದನಿಯೇ ಇಲ್ಲದೆ ಬಂದ ಉತ್ತರವನ್ನು ಪೂರ್ತಿ ಜನಮತ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಮೂರನೆಯದು, ಹೌದು–ಅಲ್ಲ ಎಂಬ ಉತ್ತರದ ಬಡತನ. 2016ರಲ್ಲಿ ಪಕ್ಕದ ಬ್ರಿಟನ್ನಿನಲ್ಲಿ ಶೇ. 51.9 ಮಂದಿ ಯುರೋಪಿಯನ್ ಒಕ್ಕೂಟ ಬಿಡೋಣ ಎಂದರು. ಬಿಟ್ಟು ಎಲ್ಲಿಗೆ ಹೋಗುವುದು ಎಂಬುದು ಮತಪತ್ರದಲ್ಲಿ ಇರಲಿಲ್ಲ. ಅದನ್ನು ತೀರ್ಮಾನಿಸಲು ವರ್ಷಗಟ್ಟಲೆ ಜಗಳವಾಯಿತು. ನಮ್ಮಲ್ಲೂ 2008ರಲ್ಲಿ ಲಿಸ್ಬನ್ ಒಪ್ಪಂದಕ್ಕೆ ಜನ 'ಬೇಡ' ಎಂದಾಗ, ಕೆಲವು ಭರವಸೆಗಳನ್ನು ತಂದು ಮರುವರ್ಷ ಮತ್ತೆ ಕೇಳಿ 'ಬೇಕು' ಎನಿಸಿಕೊಂಡರು. ಬೇಕಾದ ಉತ್ತರ ಬರುವವರೆಗೆ ಕೇಳುತ್ತಾರೆ ಎಂಬ ಮಾತು ಆಗ ಕೇಳಿಬಂತು.

ಹಾಗಾದರೆ ಹೆಚ್ಚು ಬೇಕೋ ಬೇಡವೋ? ಲೆಕ್ಕ ಹೆಚ್ಚಿಸುವುದಕ್ಕಿಂತ ಕೇಳುವ ಕ್ರಮ ಮುಖ್ಯ ಎಂಬುದು ನನ್ನ ನಿಲುವು. 2018ರ ಮತಕ್ಕೆ ಮೊದಲು ಚೀಟಿ ಎತ್ತಿದಂತೆ ಆರಿಸಿದ 99 ಸಾಮಾನ್ಯ ನಾಗರಿಕರು ಐದು ವಾರಾಂತ್ಯ ಕುಳಿತು ವೈದ್ಯರನ್ನೂ ವಕೀಲರನ್ನೂ ಎರಡೂ ಕಡೆಯವರನ್ನೂ ಕೇಳಿದರು. ಆಮೇಲೆ ಸಂಸತ್ತಿನ ಸಮಿತಿ ಚರ್ಚಿಸಿತು. ತಿದ್ದುಪಡಿ ಬಂದರೆ ಎಂಥ ಕಾನೂನು ಮಾಡುತ್ತೇವೆ ಎಂದು ಸರ್ಕಾರ ಮೊದಲೇ ಬರೆದು ತೋರಿಸಿತು. ಅಷ್ಟಾದ ಮೇಲೆ ಮತ. 2024ರ ಮಾರ್ಚಿನಲ್ಲಿ ಕುಟುಂಬ ಮತ್ತು ಆರೈಕೆಯ ಎರಡು ತಿದ್ದುಪಡಿಗಳನ್ನು ಜನರ ಮುಂದಿಟ್ಟಾಗ, ನಾಗರಿಕರ ಸಭೆ ಸೂಚಿಸಿದ ಮಾತುಗಳನ್ನು ಸರ್ಕಾರ ಬದಲಿಸಿತ್ತು. ಇದರಿಂದ ಏನಾಗುತ್ತದೆ ಎಂದು ಬಹಳ ಮಂದಿಗೆ ಅರ್ಥವಾಗಲಿಲ್ಲ. ಎರಡೂ ದೊಡ್ಡ ಅಂತರದಲ್ಲಿ ಸೋತವು.

ಆದ್ದರಿಂದ ನಾನು ಮೂರು ಷರತ್ತು ಹಾಕುತ್ತೇನೆ. 'ಹೌದು' ಎಂದರೆ ಏನಾಗುತ್ತದೆ ಎಂಬುದು ಮೊದಲೇ ಬರಹದಲ್ಲಿರಲಿ. ಮತಕ್ಕೆ ಮುಂಚೆ ಸಾಮಾನ್ಯರು ಕುಳಿತು ಚರ್ಚಿಸುವ ಸಭೆ ನಡೆಯಲಿ. ಮತವಿಲ್ಲದ ಸಣ್ಣ ಗುಂಪಿನ ಹಕ್ಕನ್ನು ದೊಡ್ಡ ಗುಂಪಿನ ಎಣಿಕೆಗೆ ಬಿಡುವುದು ಬೇಡ.

ಕೊನೆಗೆ, ಇಲ್ಲಿರುವ ನಮ್ಮ ಕೆಲಸ. ಪೌರತ್ವ ಪಡೆದವರು ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ಪಡೆಯದವರಿಗೂ ಸ್ಥಳೀಯ ಚುನಾವಣೆಯಲ್ಲಿ ಮತವಿದೆ, ಅದನ್ನು ಬಿಡಬೇಡಿ. ಕೌನ್ಸಿಲರ್ ಮನೆ ಬಾಗಿಲಿಗೆ ಬಂದಾಗ ನಮ್ಮ ಮಾತು ಹೇಳುವ ಅವಕಾಶವಾದರೂ ಸಿಗುತ್ತದೆ. ಮುಂದಿನ ಜನಮತಗಣನೆಯ ಕಿರುಹೊತ್ತಿಗೆ ಅಂಚೆಯಲ್ಲಿ ಬಂದಾಗ ಪಿಜ್ಜಾ ಅಂಗಡಿಯ ಕರಪತ್ರದ ಜೊತೆ ಅದನ್ನೂ ರದ್ದಿಗೆ ಹಾಕದೆ, ಮನೆಮಂದಿ ಕೂತು ಓದಿ. ಮಕ್ಕಳು ವಾದಕ್ಕಿಳಿದರೆ ಇನ್ನೂ ಒಳ್ಳೆಯದು.