ಬಂದೂಕಿನ ಮೈಮೇಲಿನ ಶಾಸನ

ಪಂಡಿತ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ನಮ್ಮ ಗುರುಗಳು ಕೂಟಶಾಸನಗಳ ವಿಷಯವಾಗಿ ಪಾಠ ಹೇಳುತ್ತ, “ತಾಮ್ರಪಟ ಕೈಗೆ ಬಂದರೆ ಮೊದಲು ಲಿಪಿ ಯಾವ ಕಾಲದ್ದೆಂದು ನೋಡಿ, ಆಮೇಲೆ ಅದರಲ್ಲಿ ಹೇಳಿದ ಅರಸನು ಆ ವರ್ಷ ಬದುಕಿದ್ದನೇ ಎಂದು ವಿಚಾರಿಸಿ, ದತ್ತಿಯ ಮಾತು ಕೊನೆಗಿರಲಿ” ಎನ್ನುತ್ತಿದ್ದರು. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಕೃತ್ರಿಮವೆಂದು ಫ್ಲೀಟ್ ಮಹಾಶಯರು ವಾದಿಸಿದ್ದು ಇಂತಹ ಪರೀಕ್ಷೆಗಳಿಂದಲೇ. ಆ ಪಾಠ ಒಂದು ದಿನ ಬಂದೂಕಿನ ಮೇಲೆ ಪ್ರಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಲ್ಲಿದ್ದಾನೆ. ಅವನ ನೆರೆಮನೆಯವರ ತಂದೆ ಬಹಳ ಹಿಂದೆ ಪೇಶಾವರದಲ್ಲಿ ಕೆಲಸದ ಮೇಲಿದ್ದಾಗ ಅಲ್ಲಿನ ಪೇಟೆಯಲ್ಲಿ ಒಂದು ಹಳೆಯ ಬಂದೂಕು ಕೊಂಡಿದ್ದರಂತೆ. ವಿಕ್ಟೋರಿಯಾ ರಾಣಿಯ ದಂಡಿನಲ್ಲಿ ಬಳಸಿ ಹೊರಹಾಕಿದ್ದೆಂದು ಅಂಗಡಿಯವನು ಹೇಳಿದ್ದನಂತೆ. ಈಗ ಮಗಳ ಓದಿನ ಖರ್ಚಿಗಾಗಿ ಅದನ್ನು ಮಾರಬೇಕೆಂದು ನೆರೆಯವರ ಯೋಚನೆ. ಶಿಷ್ಯ ಅದರ ಚಿತ್ರಗಳನ್ನು ಕಳುಹಿಸಿ, “ಮೇಷ್ಟ್ರೇ, ಇದರ ಮೈಮೇಲೆ ಏನೇನೋ ಅಕ್ಷರಗಳಿವೆ. ತಾವು ಹಳೆಯ ಬರಹ ಓದುವವರು, ಸ್ವಲ್ಪ ನೋಡಿ ಹೇಳಬೇಕು” ಎಂದು ಬರೆದಿದ್ದ. ನಾನು ಬಂದೂಕು ಹಿಡಿದವನಲ್ಲ. ಆದರೂ ಅಕ್ಷರವೆಂದ ಮೇಲೆ ಸುಮ್ಮನಿರಲಾಗಲಿಲ್ಲ. ಪುಸ್ತಕಗಳನ್ನು ತರಿಸಿ ಓದಿದೆ.

ಚಿತ್ರದಲ್ಲಿದ್ದದ್ದು ಮಾರ್ಟಿನಿ–ಹೆನ್ರಿ ಮಾದರಿಯ ಬಂದೂಕು. ಬ್ರಿಟಿಷ್ ಸೈನ್ಯ ಇದನ್ನು ೧೮೭೧ರಲ್ಲಿ ಅಂಗೀಕರಿಸಿತು. ತೋಟಾ ತುಂಬುವ ಯಂತ್ರಭಾಗಕ್ಕೆ ಮಾರ್ಟಿನಿಯ ಹೆಸರು, ನಳಿಗೆಯ ಒಳಗಣ ಸುರುಳಿಗೆರೆಗಳಿಗೆ ಎಡಿನ್‌ಬರೋದ ಹೆನ್ರಿಯ ಹೆಸರು. ಕೆಳಗಿನ ಸನ್ನೆಗೋಲನ್ನು ಇಳಿಸಿದರೆ ಬಾಯಿ ತೆರೆಯುತ್ತದೆ. ಒಂದು ತೋಟಾ ಇಟ್ಟು ಸನ್ನೆಯನ್ನು ಎತ್ತಿ ಒಂದು ಗುಂಡು ಹಾರಿಸಬೇಕು. ಮತ್ತೆ ಮೊದಲಿನಿಂದ ಆರಂಭ. ೧೮೭೯ರ ಜುಲು ಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳ ಕೈಯಲ್ಲಿದ್ದದ್ದು ಇದೇ.

ಇಂತಹ ಬಂದೂಕಿನ ಬಲಮಗ್ಗುಲಲ್ಲಿ, ಯಂತ್ರಭಾಗವನ್ನು ಮುಚ್ಚಿದ ಉಕ್ಕಿನ ಮೇಲೆ ಅದರ ಶಾಸನವಿರುತ್ತದೆ. ಮೇಲೆ ಕಿರೀಟ; ಅದರಡಿ ‘ವಿ.ಆರ್.’ ಎಂದು ರಾಣಿಯ ಮೊಹರು. ಅನಂತರ ಕಾರ್ಖಾನೆಯ ಹೆಸರು. ಅದರ ಕೆಳಗೆ ಇಸವಿ. ‘ಎನ್‌ಫೀಲ್ಡ್’ ಎಂದಿದ್ದರೆ ಸರ್ಕಾರಿ ಕಾರ್ಖಾನೆ. ‘ಬಿ.ಎಸ್.ಎ. ಅಂಡ್ ಎಂ. ಕೋ.’ ಎಂದಿದ್ದರೆ ಬರ್ಮಿಂಗ್‌ಹ್ಯಾಮಿನ ಕಂಪನಿ. ಆ ಕಂಪನಿಗೆ ಈ ಹೆಸರು ಇದ್ದದ್ದು ೧೮೭೩ರಿಂದ ೧೮೯೭ರವರೆಗೆ ಮಾತ್ರ. ಅಗಲವಾದ ಬಾಣದ ಗುರುತು ಸರ್ಕಾರದ ಸ್ವತ್ತೆಂಬುದಕ್ಕೆ ಸಾಕ್ಷಿ. ಬಾಣದಡಿ ರೋಮನ್ ‘ಐ’ ಅಕ್ಷರವಿದ್ದರೆ ಭಾರತ ಸರ್ಕಾರದ ದಾಸ್ತಾನಿಗೆ ಸೇರಿತ್ತೆಂದು ಅರ್ಥ. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ, ದಂಡಿಗೆ ಬೇಡವಾಗಿ ಮಾರಿದ ಮಾಲೆಂದು ತಿಳಿಯಬೇಕು. ಹೀಗೆ ಹುಟ್ಟು, ಒಡೆತನ, ನಿವೃತ್ತಿ ಮೂರೂ ಒಂದೇ ಮೈಮೇಲೆ ಬರೆದಿರುತ್ತವೆ.

ಶಿಷ್ಯನ ಚಿತ್ರಕ್ಕೆ ಬರೋಣ. ಕಿರೀಟವಿತ್ತು, ‘ವಿ.ಆರ್.’ ಇತ್ತು, ‘ಎನ್‌ಫೀಲ್ಡ್’ ಎಂಬ ಹೆಸರೂ ಇತ್ತು. ಆದರೆ ಆ ಹೆಸರಿನ ಎರಡನೆಯ ಅಕ್ಷರವಾದ ‘ಎನ್’ ತಿರುಗುಮುರುಗಾಗಿತ್ತು. ಎಡದಿಂದ ಬಲಕ್ಕೆ ಇಳಿಯಬೇಕಾದ ಓರೆಗೆರೆ ಏರಿತ್ತು. ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚಿನಿಂದ ಒತ್ತಿದ ಅಕ್ಷರಗಳು ಒಂದೇ ಆಳ, ಒಂದೇ ಅಳತೆಯಲ್ಲಿರುತ್ತವೆ. ಇಲ್ಲಿ ಒಂದು ದಪ್ಪ, ಒಂದು ತೆಳು. ಚಾಣದಿಂದ ಕೈಯಲ್ಲಿ ಕೊರೆದವು. ಇಸವಿ ೧೯೦೭ ಎಂದಿತ್ತು. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು ೧೯೦೧ರ ಜನವರಿ ೨೨ರಂದು. ೧೯೦೭ರಲ್ಲಿ ಆಳುತ್ತಿದ್ದವನು ಏಳನೆಯ ಎಡ್ವರ್ಡ್, ‘ಇ.ಆರ್.’ ಎಂದಿರಬೇಕಾಗಿತ್ತು. ಸತ್ತ ರಾಣಿ ಆರು ವರ್ಷದ ಮೇಲೆ ಬಂದೂಕಿಗೆ ಮೊಹರು ಒತ್ತಿದ್ದಳು! ನಮ್ಮ ಗುರುಗಳ ಪರೀಕ್ಷೆಯಲ್ಲಿ ಅದು ಎರಡು ಕಡೆಯೂ ಸೋತಿತು.

ಹಾಗಾದರೆ ಅದನ್ನು ಮಾಡಿದವರು ಯಾರು? ಪೇಶಾವರದ ದಕ್ಷಿಣಕ್ಕೆ ಕೋಹಟ್ ದಾರಿಯಲ್ಲಿ ದರ್ರಾ ಆದಂ ಖೇಲ್ ಎಂಬ ಊರಿದೆ. ಯಾವ ಬಂದೂಕನ್ನು ಮುಂದಿಟ್ಟರೂ ಅದರಂತೆಯೇ ಇನ್ನೊಂದನ್ನು ಕೈಯಲ್ಲೇ ಮಾಡುವ ಕಮ್ಮಾರರಿಗೆ ಅದು ಹೆಸರುವಾಸಿ. ಆ ಗಡಿನಾಡಿನಲ್ಲಿ ಹೀಗೆ ಹುಟ್ಟಿದ ಬಂದೂಕುಗಳನ್ನು ಸಂಗ್ರಾಹಕರು ಖೈಬರ್ ಕಣಿವೆಯ ನಕಲುಗಳೆಂದು ಕರೆಯುತ್ತಾರೆ. ಇಂಗ್ಲಿಷ್ ಓದಲು ಬಾರದ ಕಮ್ಮಾರನು ಅಕ್ಷರವನ್ನು ಚಿತ್ರವೆಂದೇ ಭಾವಿಸಿ ಕೊರೆದಾಗ ತಿರುಗುಮುರುಗಾಗುವುದು ಸಹಜ. ನಮ್ಮ ಓಲೆಗರಿಗಳಲ್ಲಿ ಲಿಪಿಕಾರರ ಕೈಯಿಂದ ಇಂತಹ ತಪ್ಪುಗಳು ಎಷ್ಟಿಲ್ಲ!

ಆದರೆ ಇಂಗ್ಲಿಷ್ ಮೊಹರಿಲ್ಲದ್ದೆಲ್ಲ ಖೋಟಾ ಎಂದುಕೊಳ್ಳುವುದೂ ತಪ್ಪು. ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಲ್ಲಿ ನೇಪಾಳದ ಸೈನ್ಯ ಕೂಡಿಟ್ಟಿದ್ದ ಹಳೆಯ ಬಂದೂಕುಗಳ ರಾಶಿಯನ್ನು ೨೦೦೩ರಲ್ಲಿ ಅಮೆರಿಕದ ವರ್ತಕರು ಕೊಂಡರು. ಅವುಗಳಲ್ಲಿ ಬ್ರಿಟಿಷರ ಮಾರ್ಟಿನಿ–ಹೆನ್ರಿಗಳ ಜೊತೆಗೆ, ಹೊರನೋಟಕ್ಕೆ ಅವನ್ನೇ ಹೋಲುವ ಗಹೇಂದ್ರ ಬಂದೂಕುಗಳೂ ಇದ್ದವು. ಇವು ಜನರಲ್ ಗಹೇಂದ್ರ ಶಂಶೇರ್ ರೂಪಿಸಿ ನೇಪಾಳದಲ್ಲಿಯೇ ಮಾಡಿಸಿದವು. ಒಳಗಿನ ಯಂತ್ರ ಬೇರೆ. ಮೈಮೇಲೆ ನಾಗರಿ ಲಿಪಿ. ಅಲ್ಲಿ ಕಾಣುವ ವರ್ಷವನ್ನು ವಿಕ್ರಮ ಸಂವತ್ಸರದ ಲೆಕ್ಕದಲ್ಲಿ ಓದಬೇಕು. ಸುಮಾರು ೫೭ ಕಳೆದರೆ ಇಸವಿ ಸಿಗುತ್ತದೆ. ಇದನ್ನರಿಯದವನು ೧೯೫೦ ಎಂದು ಕಂಡು ಮೊನ್ನೆಮೊನ್ನೆಯದೆಂದು ಬದಿಗೆ ಸರಿಸಿಯಾನು. ಅದು ೧೮೯೩ರ ಸುಮಾರಿನದು. ಇದು ನಕಲಲ್ಲ, ತನ್ನದೇ ಹುಟ್ಟುಳ್ಳ ವಸ್ತು.

ಇನ್ನು ಬೆಲೆಯ ಮಾತು. ಸಂಗ್ರಾಹಕರು ಬೆಲೆ ಕಟ್ಟುವುದು ಹೊಳಪಿಗಲ್ಲ. ಉಕ್ಕಿನ ಭಾಗ, ನಳಿಗೆ, ಮರದ ಹಿಡಿ ಎಲ್ಲ ಮೊದಲಿನಿಂದ ಒಂದಕ್ಕೊಂದು ಸೇರಿದವೇ, ಮರದ ಮೇಲಿನ ದುಂಡು ಮೊಹರು ಓದಲು ಬರುತ್ತದೆಯೇ, ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತೆಂಬುದಕ್ಕೆ ಕಾಗದವಿದೆಯೇ ಎಂದು ಅವರು ಕೇಳುತ್ತಾರೆ. ಅಂದಗಾಣಿಸಲು ಹೋಗಿ ಮರಳುಕಾಗದ ಹಿಡಿದು ತಿಕ್ಕಿದವರು ತುಕ್ಕಿನೊಡನೆ ಅಕ್ಷರವನ್ನೂ ಒರೆಸಿ, ಬೆಲೆಯನ್ನು ತಮ್ಮ ಕೈಯಾರೆ ಕಳೆದುಕೊಳ್ಳುತ್ತಾರೆ. ಶಾಸನದ ಕಲ್ಲಿಗೆ ಸುಣ್ಣ ಬಳಿದಂತೆಯೇ ಇದು.

ಎರಡು ಎಚ್ಚರಿಕೆಗಳನ್ನೂ ಹೇಳಬೇಕು. ಇಂತಹ ಬಂದೂಕಿಗೆ ತೋಟಾ ಇಟ್ಟು ಪರೀಕ್ಷಿಸುವ ಸಾಹಸ ಬೇಡ. ನಕಲಿನ ಉಕ್ಕು ಎಂತಹುದೆಂದು ಮಾಡಿದವನೇ ಬಲ್ಲ; ನಳಿಗೆ ಸಿಡಿದರೆ ಹಾರಿಸಿದವನ ಮುಖಕ್ಕೇ ಆಪತ್ತು. ಎರಡನೆಯದಾಗಿ, ನಮ್ಮ ದೇಶದಲ್ಲಿ ೧೯೫೯ರ ಆಯುಧಗಳ ಕಾಯಿದೆ ಇದೆ. ಹಳೆಯದೆಂಬ ಒಂದೇ ಕಾರಣಕ್ಕೆ ಲೈಸೆನ್ಸು ಬೇಡವೆಂದು ಯಾರೂ ತಿಳಿಯಬಾರದು. ಅಟ್ಟದ ಮೇಲೆ ಅಜ್ಜನ ಕಾಲದ್ದೇನಾದರೂ ಸಿಕ್ಕಿದರೆ ಮೊದಲು ಪೊಲೀಸ್ ಠಾಣೆಗೆ ತಿಳಿಸುವುದೇ ಕ್ಷೇಮ.

ಶಿಷ್ಯನಿಗೆ ಉತ್ತರ ಬರೆಯಲು ನಾನು ಎರಡು ದಿನ ಹಿಂದೆಮುಂದೆ ನೋಡಿದೆ. ಒಂದು ಹೆಣ್ಣುಮಗಳ ಓದಿನ ಹಣದ ಪ್ರಶ್ನೆ. ಆದರೂ ಕಂಡದ್ದನ್ನು ಕಂಡಂತೆ ಬರೆದೆ. ನೆರೆಯವರು ಮೊದಲು ಮಂಕಾದರಂತೆ, ಆಮೇಲೆ, “ತಿಳಿಯದೆ ಮಾರಿದ್ದರೆ ತಪ್ಪಿರಲಿಲ್ಲ, ತಿಳಿದ ಮೇಲೆ ಮಾರಿದರೆ ಮೋಸ” ಎಂದರಂತೆ. ಖೈಬರಿನ ನಕಲೆಂದು ಬಾಯಿಬಿಟ್ಟು ಹೇಳಿಯೇ ಅದನ್ನು ಒಬ್ಬ ಸಂಗ್ರಾಹಕರಿಗೆ ಕೊಟ್ಟರು. ಬಂದ ಹಣ ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಆದರೆ ಆ ಬಂದೂಕಿನ ವಿಷಯದಲ್ಲಿ ಪೇಶಾವರದ ಅಂಗಡಿಯಿಂದ ನಡೆದು ಬಂದಿದ್ದ ಸುಳ್ಳು ಅವರ ಮನೆಯಲ್ಲಿ ನಿಂತುಹೋಯಿತು.