ತಕ್ಕಡಿಗೆ ಮುದ್ರೆ ಒತ್ತುವವರು ಯಾರು?

(ಕಾರ್ಮಿಕ ವಾಚನಾಲಯದ ಭಾನುವಾರದ ಸಭೆಯಲ್ಲಿ ಇಂಗ್ಲೀಷ್ ಪರೀಕ್ಷೆಗಳ ವಿಚಾರವಾಗಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಆರಿಸಿದವರು ನಾವಲ್ಲ. ಕಳೆದ ತಿಂಗಳು ರಾತ್ರಿ ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕರೊಬ್ಬರು ಈ ವಾಚನಾಲಯದ ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳಿದರು. ಅವರ ಮಗಳು ದಾದಿಯ ಶಿಕ್ಷಣ ಮುಗಿಸಿದವಳು. ಬ್ರಿಟನ್ನಿನ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬುದು ಅವಳ ಆಸೆ. ಅದಕ್ಕೆ ಇಂಗ್ಲೀಷ್ ಪರೀಕ್ಷೆ ಕಟ್ಟಬೇಕು. ಎರಡು ಸಲ ಕಟ್ಟಿದ್ದಾಳೆ. ಕೇಳುವುದು, ಓದುವುದು, ಮಾತನಾಡುವುದು, ಈ ಮೂರರಲ್ಲಿಯೂ 7 ಬಂದಿದೆ. ಬರವಣಿಗೆಯಲ್ಲಿ ಎರಡು ಸಲವೂ 6. ಬೇಕಾದದ್ದು 6.5. "ಮಾಸ್ತರೇ, ಈ ಅರ್ಧ ಅಂಕಕ್ಕಾಗಿ ಮೂರನೆಯ ಸಲ ದುಡ್ಡು ಕಟ್ಟಲೇ, ಬಿಡಲೇ?" ಎಂದು ಅವರು ಕೇಳಿದರು. ಆ ದಿನ ನಾವು ಉತ್ತರ ಕೊಡಲಿಲ್ಲ. ಇಂದು ಕೊಡಬೇಕೆಂದಿದ್ದೇವೆ.

ಮೊದಲು ಈ ಪರೀಕ್ಷೆ ಯಾವುದೆಂದು ತಿಳಿಯೋಣ. ಐ.ಇ.ಎಲ್.ಟಿ.ಎಸ್. ಎಂದು ಅದರ ಹೆಸರು. ಹುಡುಗರ ಬಾಯಲ್ಲಿ ಅದು ಐಲ್ಟ್ಸ್. 1989ರಲ್ಲಿ ಪ್ರಾರಂಭವಾಯಿತು. ಅದಕ್ಕೆ ಮೂವರು ಪಾಲುದಾರರು: ಬ್ರಿಟಿಷ್ ಕೌನ್ಸಿಲ್, ಕೇಂಬ್ರಿಜ್ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ, ಮತ್ತು ಆಸ್ಟ್ರೇಲಿಯದ ಐ.ಡಿ.ಪಿ. ಎಂಬ ಕಂಪನಿ. ಅಂಕಗಳು 9ರವರೆಗೆ. ಫಲಿತಾಂಶದ ಆಯುಷ್ಯ ಎರಡೇ ವರ್ಷ. ನಮ್ಮ ದೇಶದಲ್ಲಿ ಒಂದು ಸಲ ಕೂತೇಳುವುದಕ್ಕೆ ಕಟ್ಟಬೇಕಾದ ಹಣ 15,000 ರೂಪಾಯಿಯನ್ನು ಯಾವಾಗಲೋ ದಾಟಿದೆ. ಎರಡು ಸಲ ಕಟ್ಟಿದ ಮನೆಯಲ್ಲಿ ಎಷ್ಟು ತಿಂಗಳ ಪಗಾರ ಕರಗಿರಬಹುದೆಂಬುದನ್ನು ಗಿರಣಿಯವರಿಗೆ ನಾವು ಲೆಕ್ಕ ಮಾಡಿ ಹೇಳಬೇಕಾಗಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ಕೆಲವರು ನಗಬಹುದು. ನಾವೂ ಮಾಸ್ತರಿಕೆ ಮಾಡಿದವರು, ಪರೀಕ್ಷೆಯೇ ಬೇಡವೆಂದು ಹೇಳುವವರಲ್ಲ. ವೈದ್ಯನು ಹೇಳಿದ ಔಷಧದ ಪ್ರಮಾಣ ದಾದಿಗೆ ತಿಳಿಯದಿದ್ದರೆ ಸಾಯುವವನು ರೋಗಿ. ಅವನೂ ನಮ್ಮಂತೆಯೇ ಬಡವನಿರಬಹುದು. ತೂಗಬೇಕಾದದ್ದನ್ನು ತೂಗಲೇಬೇಕು. ಆದರೆ ಪೇಟೆಯಲ್ಲಿ ಅಂಗಡಿ ಇಟ್ಟ ಬಂಧುಗಳನ್ನು ಕೇಳುತ್ತೇವೆ: ನಿಮ್ಮ ತಕ್ಕಡಿಗೆ, ಬೊಟ್ಟಿಗೆ ಸರಕಾರದ ಇಲಾಖೆಯವರು ಬಂದು ಕಾಲಕಾಲಕ್ಕೆ ಮುದ್ರೆ ಒತ್ತುತ್ತಾರಲ್ಲವೇ? ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿದರೆ ದಂಡ ಬೀಳುತ್ತದಲ್ಲವೇ? ಹಾಗಾದರೆ ನಮ್ಮ ಮಕ್ಕಳ ಬದುಕನ್ನು ತೂಗುವ ಈ ತಕ್ಕಡಿಗೆ ಮುದ್ರೆ ಒತ್ತುವವರು ಯಾರು?

ಈ ಪ್ರಶ್ನೆ ಹೊಸದಲ್ಲ. ಭಾಷೆಯ ಪರೀಕ್ಷೆಯನ್ನು ದೇಶದ ಬಾಗಿಲಿಗೆ ಬೀಗವಾಗಿ ಹಾಕಿದ ಚರಿತ್ರೆ ಶುರುವಾಗುವುದೇ ನಮ್ಮ ಜನರ ವಿರುದ್ಧ. ದಕ್ಷಿಣ ಆಫ್ರಿಕದ ನಟಾಲಿಗೆ ಕಬ್ಬಿನ ತೋಟದ ಕೂಲಿಗಳಾಗಿ ಹೋದ ಭಾರತೀಯರು ಅಲ್ಲಿಯೇ ನೆಲೆನಿಂತರು. ಅವರ ಹಿಂದೆ ಸಣ್ಣ ವ್ಯಾಪಾರಿಗಳೂ ಹೋದರು. ಬಿಳಿಯ ವರ್ತಕರಿಗೆ ಇದು ಸಹಿಸಲಿಲ್ಲ. 1897ರ ಜನವರಿಯಲ್ಲಿ ಡರ್ಬನ್ ಬಂದರಿನಲ್ಲಿ ಇಳಿದ ಗಾಂಧೀಜಿಯವರ ಮೇಲೆ ಗುಂಪು ಹಲ್ಲೆ ಮಾಡಿತು. ಅದೇ ವರ್ಷ ನಟಾಲ್ ಸರಕಾರ ಒಂದು ಕಾನೂನು ತಂದಿತು. ಹೊಸದಾಗಿ ಬರುವವನು ಯುರೋಪಿನ ಯಾವುದಾದರೊಂದು ಭಾಷೆಯ ಲಿಪಿಯಲ್ಲಿ ಅರ್ಜಿ ಬರೆಯಬಲ್ಲವನಾಗಿರಬೇಕು ಎಂದು ಅದರಲ್ಲಿತ್ತು. 'ಭಾರತೀಯ' ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಚಕ್ರಾಧಿಪತ್ಯದ ಪ್ರಜೆಗಳನ್ನು ಬಣ್ಣದ ಹೆಸರಿನಲ್ಲಿ ಬಹಿರಂಗವಾಗಿ ಹೊರಗಿಡುವುದು ಲಂಡನ್ನಿಗೆ ಮುಜುಗರ. ಆದ್ದರಿಂದ ಬಣ್ಣದ ಕೆಲಸವನ್ನು ಭಾಷೆಗೆ ವಹಿಸಿದರು. ಉಳಿದ ವಸಾಹತುಗಳೂ ಈ ಉಪಾಯವನ್ನೇ ಅನುಸರಿಸಲೆಂದು ಬ್ರಿಟಿಷ್ ಮಂತ್ರಿ ಜೋಸೆಫ್ ಚೇಂಬರ್ಲೇನ್ ಸಲಹೆ ಕೊಟ್ಟನು.

ಆಸ್ಟ್ರೇಲಿಯ ಆ ಸಲಹೆಯನ್ನು ತೆಗೆದುಕೊಂಡಿತು. 1901ರ ಅದರ ಕಾನೂನಿನ ಪ್ರಕಾರ ಬಂದರಿನ ಅಧಿಕಾರಿ ಯುರೋಪಿನ ಒಂದು ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಹೇಳುವನು, ಬಂದವನು ಬರೆಯಬೇಕು. ಯಾವ ಭಾಷೆ ಎಂಬುದನ್ನು ಆರಿಸುವವನು ಅಧಿಕಾರಿ! ಇಂಗ್ಲೀಷ್ ಬಲ್ಲವನಿಗೆ ಬೇರೊಂದು ಭಾಷೆ ಕೊಟ್ಟರಾಯಿತು. 1902-03ರಲ್ಲಿ 805 ಸಲ ಈ ಪರೀಕ್ಷೆ ನಡೆಯಿತು. ಪಾಸಾದವರು 46 ಮಂದಿ. 1904ರಿಂದ 1909ರವರೆಗೆ 554 ಸಲ ನಡೆಯಿತು. ಪಾಸಾದವರು ಆರೇ ಮಂದಿ. ಆಮೇಲೆ ಒಬ್ಬನೂ ಪಾಸಾಗಲಿಲ್ಲ. 1934ರಲ್ಲಿ ಪ್ರಾಗ್ ನಗರದ ಪತ್ರಕರ್ತ ಎಗೋನ್ ಕಿಶ್, ಹಿಟ್ಲರನ ವಿರುದ್ಧ ಭಾಷಣ ಮಾಡಲು ಅಲ್ಲಿಗೆ ಹೋದರು. ಅವರನ್ನು ಇಳಿಯಗೊಡಲಿಲ್ಲ. ಹಡಗಿನಿಂದ ಹಾರಿ ಕಾಲು ಮುರಿದುಕೊಂಡರು. ಯುರೋಪಿನ ಹಲವು ಭಾಷೆಗಳು ಅವರಿಗೆ ಬರುತ್ತಿದ್ದವು. ಅದಕ್ಕೆ ಅಧಿಕಾರಿಗಳು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟರು. ಕಾನೂನಿನ ಅರ್ಥದಲ್ಲಿ ಅದು ಯುರೋಪಿನ ಭಾಷೆಯೇ ಅಲ್ಲವೆಂದು ಆಸ್ಟ್ರೇಲಿಯದ ಹೈಕೋರ್ಟು ಹೇಳಬೇಕಾಯಿತು. ಆ ಕಾನೂನು ಹೋದದ್ದು 1958ರಲ್ಲಿ.

ಇಂದಿನ ಪರೀಕ್ಷೆ ಅದೇ ಎಂದು ನಾವು ಹೇಳಿದರೆ ಸುಳ್ಳಾದೀತು. ಇಂದು ಪ್ರಶ್ನೆಯ ರೀತಿ ಮೊದಲೇ ಗೊತ್ತಿರುತ್ತದೆ, ಲಕ್ಷಾಂತರ ಜನ ಪಾಸಾಗುತ್ತಾರೆ, ಅಂಕದ ಬಗ್ಗೆ ಸಂಶಯವಿದ್ದರೆ ಹಣ ಕಟ್ಟಿ ಮರುಮೌಲ್ಯಮಾಪನ ಕೇಳಬಹುದು. ಅಂಕ ಬದಲಾದರೆ ಆ ಹಣ ವಾಪಸು ಬರುತ್ತದೆ. ಆದರೆ ಒಂದು ಪಾಠವನ್ನು ನಾವು ಮರೆಯಬಾರದು. ಭಾಷೆಯನ್ನು ಅಳೆಯುವ ಕೋಲು ಯಾರ ಕೈಯಲ್ಲಿದೆಯೋ, ಗೆರೆ ಎಳೆಯುವವನು ಅವನೇ. ಮತ್ತು ಗೆರೆ ಯಾವಾಗಲೂ ಭಾಷೆಗಾಗಿಯೇ ಎಳೆದದ್ದಾಗಿರುವುದಿಲ್ಲ.

ನಮ್ಮ ಹುಡುಗಿಯ ಗೆರೆಯನ್ನೇ ನೋಡಿರಿ. ಬ್ರಿಟನ್ನಿನ ದಾದಿಯರ ಮಂಡಳಿ ಮೊದಲು ನಾಲ್ಕು ಭಾಗಗಳಲ್ಲಿಯೂ 7 ಕೇಳುತ್ತಿತ್ತು. ಆಸ್ಪತ್ರೆಗಳಲ್ಲಿ ದಾದಿಯರಿಲ್ಲವೆಂಬ ಕೂಗು ಜೋರಾಗಿದ್ದ ಕಾಲದಲ್ಲಿ, 2018ರ ಡಿಸೆಂಬರಿನಲ್ಲಿ, ಬರವಣಿಗೆಯ ಗೆರೆಯನ್ನು 6.5ಕ್ಕೆ ಇಳಿಸಿದರು. ನವೆಂಬರಿನಲ್ಲಿ ಅಯೋಗ್ಯಳಾಗಿದ್ದ ದಾದಿ ಡಿಸೆಂಬರಿನಲ್ಲಿ ಯೋಗ್ಯಳಾದಳು. ಅವಳ ಇಂಗ್ಲೀಷಿನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಕೈಗಳು ಬೇಕಾದಾಗ ಗಿರಣಿಯ ಗೇಟು ಹೇಗೆ ಅಗಲವಾಗುತ್ತದೆಂಬುದನ್ನು ನೀವು ಕಂಡವರು.

ಇನ್ನು ಇಂಗ್ಲೀಷ್ ಕಲಿಸುವವರ ಕತೆ. ಪರದೇಶದವರಿಗಾಗಿ ಕೇಂಬ್ರಿಜಿನವರು ಮೊದಲ ಇಂಗ್ಲೀಷ್ ಪರೀಕ್ಷೆ ನಡೆಸಿದ್ದು 1913ರಲ್ಲಿ. ತಮ್ಮ ತಮ್ಮ ದೇಶದ ಶಾಲೆಗಳಲ್ಲಿ ಇಂಗ್ಲೀಷ್ ಕಲಿಸಬಯಸುವ ಪರಭಾಷಿಕರಿಗೆಂದೇ ಅದನ್ನು ಏರ್ಪಡಿಸಿದ್ದರು. ಹನ್ನೆರಡು ಗಂಟೆಗಳ ಪರೀಕ್ಷೆ, ಮೂರು ಪೌಂಡು ಶುಲ್ಕ. ಕುಳಿತವರು ಮೂವರು, ಮೂವರೂ ನಪಾಸು. ಪರೀಕ್ಷೆ ಕಠಿಣವಾಗಿತ್ತು, ನಿಜ. ಆದರೆ ಇಂಗ್ಲೀಷ್ ತಾಯ್ನುಡಿಯಲ್ಲದವನೂ ಕಲಿತು ಕಲಿಸಬಹುದೆಂಬ ತತ್ತ್ವವನ್ನಾದರೂ ಅದು ಒಪ್ಪಿಕೊಂಡಿತ್ತು.

ಈಗ ದಕ್ಷಿಣ ಕೊರಿಯಕ್ಕೆ ಬನ್ನಿ. ಅಲ್ಲಿ ಪರದೇಶದ ಇಂಗ್ಲೀಷ್ ಶಿಕ್ಷಕರಿಗೆ ಕೊಡುವ ಇ-2 ಎಂಬ ವೀಸಾ ಇದೆ. ಅದು ಏಳು ದೇಶಗಳ ಪ್ರಜೆಗಳಿಗೆ: ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ಭಾರತದೊಡನೆ 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಿಂದ ನಮ್ಮವರಿಗೆ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗುವ ಒಂದು ಕಿರುಬಾಗಿಲು ತೆರೆಯಿತು. ಮೂವತ್ತು ವರ್ಷ ಇಂಗ್ಲೀಷ್ ಪಾಠ ಮಾಡಿದ ನಮ್ಮ ಹೈಸ್ಕೂಲು ಮಾಸ್ತರನಿಗಿಂತ, ಯಾವ ವಿಷಯದಲ್ಲಾದರೂ ಪದವಿ ಪಡೆದು ಒಂದು ದಿನವೂ ಪಾಠ ಮಾಡದ ಬೇರೆ ದೇಶದ ಹುಡುಗನಿಗೆ ದೊಡ್ಡ ಬಾಗಿಲು. ವಿದ್ಯಾರ್ಥಿಗೆ ಅಂಕಪಟ್ಟಿ ಬೇಕು; ಗುರುವಿಗೆ ಪಾಸ್‌ಪೋರ್ಟು ಸಾಕು. ಇದು ಯಾವ ತೂಕದ ನ್ಯಾಯ?

ತಕ್ಕಡಿ ತಪ್ಪಿದಾಗ ಪೆಟ್ಟು ಯಾರಿಗೆ ಬೀಳುತ್ತದೆಂಬುದಕ್ಕೂ ಒಂದು ನಿದರ್ಶನವಿದೆ. 2014ರ ಫೆಬ್ರವರಿಯಲ್ಲಿ ಲಂಡನ್ನಿನ ಕೆಲವು ಪರೀಕ್ಷಾ ಕೇಂದ್ರಗಳಲ್ಲಿ ಬಾಡಿಗೆಯವರು ಕೂತು ಪರೀಕ್ಷೆ ಕೊಡುವುದನ್ನು ಬಿ.ಬಿ.ಸಿ.ಯವರು ಬಯಲಿಗೆಳೆದರು. ಟೋಯಿಕ್ ಎಂಬ ಆ ಪರೀಕ್ಷೆಯನ್ನು ನಡೆಸುತ್ತಿದ್ದದ್ದು ಅಮೆರಿಕದ ಇ.ಟಿ.ಎಸ್. ಎಂಬ ಸಂಸ್ಥೆ. ಮೋಸ ನಡೆದದ್ದು ನಿಜ. ಆದರೆ ಆಮೇಲೆ ಆದದ್ದೇನು? 2011ರಿಂದ 2014ರವರೆಗಿನ 58,000ಕ್ಕೂ ಹೆಚ್ಚು ಪರೀಕ್ಷೆಗಳ ಧ್ವನಿಯನ್ನು ಆ ಸಂಸ್ಥೆಯೇ ಯಂತ್ರದಿಂದಲೂ ಕಿವಿಯಿಂದಲೂ ಪರಿಶೀಲಿಸಿ, ನೂರಕ್ಕೆ 97 ಸಂಶಯಾಸ್ಪದವೆಂದು ಸಾರಿತು. ಆ ಮಾತನ್ನೇ ನಂಬಿ ಬ್ರಿಟಿಷ್ ಸರಕಾರ ಸಾವಿರಾರು ವೀಸಾಗಳನ್ನು ರದ್ದುಮಾಡಿತು. ಪೆಟ್ಟು ತಿಂದವರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ವಿದ್ಯಾರ್ಥಿಗಳು ಬಹಳ. ತನ್ನ ವಿರುದ್ಧ ಇರುವ ಪುರಾವೆಯೇನೆಂದು ಕೇಳಲಿಕ್ಕೂ ಹಲವರಿಗೆ ಅವಕಾಶವಿರಲಿಲ್ಲ. ಹೊಲ ಮಾರಿ ಕಳುಹಿಸಿದ ಮಗ 'ಕಳ್ಳ' ಎನ್ನಿಸಿಕೊಂಡು ಮನೆಗೆ ಬರುವುದೆಂದರೇನು? ಆ ದೇಶದ ಲೆಕ್ಕ ತಪಾಸಣಾ ಕಚೇರಿಯೇ 2019ರಲ್ಲಿ ವರದಿ ಕೊಟ್ಟಿತು: ನ್ಯಾಯಾಲಯಗಳ ಮುಂದೆ ಬಂದ ಸುಮಾರು 12,500 ಮೇಲ್ಮನವಿಗಳಲ್ಲಿ ಸುಮಾರು 3,600 ಗೆದ್ದಿದ್ದವು. ತೂಗಿದವನೇ ಸಾಕ್ಷಿ, ಅವನೇ ಪಂಚ. ತೂಗಿಸಿಕೊಂಡವನಿಗೆ ಮಾತ್ರ ಬಾಯಿಲ್ಲ.

ಈ ತಕ್ಕಡಿಯೇ ಒಂದು ದೊಡ್ಡ ಸರಕು ಎಂಬುದನ್ನೂ ತಿಳಿದಿರಿ. ಐ.ಡಿ.ಪಿ. ಕಂಪನಿಯ ಷೇರುಗಳು 2015ರಿಂದ ಆಸ್ಟ್ರೇಲಿಯದ ಷೇರುಪೇಟೆಯಲ್ಲಿ ಮಾರಾಟವಾಗುತ್ತವೆ. 2021ರಲ್ಲಿ ಅದು ಭಾರತದಲ್ಲಿನ ಬ್ರಿಟಿಷ್ ಕೌನ್ಸಿಲಿನ ಐಲ್ಟ್ಸ್ ವ್ಯವಹಾರವನ್ನು 13 ಕೋಟಿ ಪೌಂಡಿಗೆ ಕೊಂಡಿತು. ನಮ್ಮ ಮಕ್ಕಳು ಬರೆಯುವ ಪರೀಕ್ಷೆಯನ್ನು ನಮ್ಮನ್ನು ಕೇಳದೆಯೇ ಒಬ್ಬರು ಮಾರಿದರು, ಇನ್ನೊಬ್ಬರು ಕೊಂಡರು. ಅದೇ ಕಂಪನಿ ವಿದ್ಯಾರ್ಥಿಗಳನ್ನು ಪರದೇಶದ ಕಾಲೇಜುಗಳಿಗೆ ಸೇರಿಸುವ ವ್ಯಾಪಾರವನ್ನೂ ಮಾಡುತ್ತದೆ. ಇದು ಕಾನೂನಿಗೆ ವಿರೋಧವಲ್ಲ. ಆದರೆ ತೂಗುವವನೂ ಮಾರುವವನೂ ಒಬ್ಬನೇ ಆದಾಗ ಗಿರಾಕಿ ಕಣ್ಣು ತೆರೆದಿರಬೇಕೆಂಬುದು ಸಂತೆಯ ನ್ಯಾಯ.

ಹಾಗಾದರೆ ಇಂಗ್ಲೀಷನ್ನು ಬಿಟ್ಟುಬಿಡೋಣವೇ? ನಮ್ಮ ಪಕ್ಷದವರು ಇಂಗ್ಲೀಷಿನ ವೈರಿಗಳೆಂದು ಹೇಳುವವರಿದ್ದಾರೆ. 'ಇಂಗ್ಲೀಷ್ ಹಟಾವೋ' ಎಂದ ಡಾ. ಲೋಹಿಯಾ ಅವರು ಬರ್ಲಿನ್ನಿಗೆ ಹೋಗಿ, ಜರ್ಮನ್ ಕಲಿತು, ಅಲ್ಲಿ ಡಾಕ್ಟರೇಟ್ ಪಡೆದವರು. ಭಾಷೆ ಕಲಿಯುವುದನ್ನು ಅವರು ವಿರೋಧಿಸಲಿಲ್ಲ. ಒಂದು ಭಾಷೆ ಬಲ್ಲವರು ಉಳಿದವರ ತಲೆಯ ಮೇಲೆ ಕೂರುವುದನ್ನು ವಿರೋಧಿಸಿದರು. ಕಾರ್ಮಿಕನ ಮಗಳು ಇಂಗ್ಲೀಷ್ ಕಲಿಯಲಿ, ಚೆನ್ನಾಗಿ ಕಲಿಯಲಿ. ಆದರೆ ತಲೆ ತಗ್ಗಿಸಿ ಕಲಿಯುವುದು ಬೇಡ.

ಈಗ ಆ ಅರ್ಧ ಅಂಕಕ್ಕೆ ಬರೋಣ. ಹುಡುಗಿಯ ನೋಟುಬುಕ್ಕನ್ನು ನಾವು ತರಿಸಿಕೊಂಡು ನೋಡಿದೆವು. ಅವಳು ಸೇರಿದ್ದ ಕೋಚಿಂಗ್ ತರಗತಿಯವರು ನಲವತ್ತು ಸಿದ್ಧ ಪ್ರಬಂಧಗಳನ್ನು ಬಾಯಿಪಾಠಕ್ಕೆ ಕೊಟ್ಟಿದ್ದರು. ಪರೀಕ್ಷಕರು ಬಾಯಿಪಾಠವನ್ನು ಗುರುತಿಸಿ ಅಂಕ ಕಡಿಮೆ ಮಾಡುತ್ತಾರೆಂಬುದನ್ನು ಮಾತ್ರ ಹೇಳಿರಲಿಲ್ಲ. ಆ ಪರೀಕ್ಷೆಯಲ್ಲಿ ಒಂದು ಗಂಟೆಯೊಳಗೆ 150 ಪದಗಳದ್ದೊಂದು, 250 ಪದಗಳದ್ದೊಂದು ಬರಹ ಬರೆಯಬೇಕು. ಅಲ್ಲಿ ಕೇಳುವುದು ಅಲಂಕಾರವನ್ನಲ್ಲ. ಒಂದು ವಿಷಯಕ್ಕೆ ಪರವೇನು, ವಿರೋಧವೇನು, ನಿನ್ನ ತೀರ್ಮಾನವೇನು, ಅದಕ್ಕೆ ಕಾರಣವೇನು, ಇವನ್ನು ಸಾಲಾಗಿ ಹೇಳುವುದು. ನಾವು ಅವಳಿಗೆ ಒಂದು ವಿಷಯ ಕೊಟ್ಟು ಕನ್ನಡದಲ್ಲಿ ಬರೆ ಎಂದೆವು. ಕನ್ನಡದಲ್ಲಿಯೂ ಸಾಲು ತಪ್ಪಿತು. ತಪ್ಪು ಅವಳದ್ದಲ್ಲ. ಹತ್ತು ವರ್ಷ ಶಾಲೆಯಲ್ಲಿ ಬೋರ್ಡಿನ ಮೇಲಿನದನ್ನು ಕಾಪಿ ಮಾಡಿಸಿದ ನಮ್ಮಂಥ ಮಾಸ್ತರುಗಳದ್ದು. ತನ್ನ ಮಾತಿನಲ್ಲಿ ವಾದ ಹೂಡಲು ಕಲಿಸದೆ ಪರರ ಮಾತಿನಲ್ಲಿ ವಾದ ಹೂಡೆಂದರೆ ಅವಳು ಏನು ಮಾಡಿಯಾಳು?

ಆದ್ದರಿಂದ ಆ ತಂದೆಗೆ ನಮ್ಮ ಉತ್ತರವಿದು: ದುಡ್ಡು ಕಟ್ಟಿರಿ, ಆದರೆ ಈಗಲೇ ಬೇಡ. ಸಾಲ ಮಾಡಿಯಂತೂ ಬೇಡ. ಮುಂದಿನ ಸೋಮವಾರದಿಂದ ರಾತ್ರಿ ಏಳರಿಂದ ಎಂಟೂವರೆಯವರೆಗೆ ಈ ವಾಚನಾಲಯದಲ್ಲಿ ಬರವಣಿಗೆಯ ತರಗತಿ ನಡೆಯುತ್ತದೆ, ಶುಲ್ಕವಿಲ್ಲ. ಮೊದಲು ಕನ್ನಡದಲ್ಲಿ ಅರ್ಜಿ, ವರದಿ, ವಾದ. ಆಮೇಲೆ ಅದನ್ನೇ ಇಂಗ್ಲೀಷಿನಲ್ಲಿ. ನಿವೃತ್ತರಾದ ಇಬ್ಬರು ಇಂಗ್ಲೀಷ್ ಶಿಕ್ಷಕರು ಬರಲು ಒಪ್ಪಿದ್ದಾರೆ. ಆರು ತಿಂಗಳ ಮೇಲೆ ಅವಳು ಪರೀಕ್ಷೆಗೆ ಕೂರಲಿ.

ಸರಕಾರದ ಮುಂದೆಯೂ ನಮ್ಮ ಬೇಡಿಕೆಗಳಿವೆ. ಕೇಂದ್ರದವರು 1958ರಲ್ಲಿ ಹೈದರಾಬಾದಿನಲ್ಲಿ ಇಂಗ್ಲೀಷ್ ಸಂಸ್ಥೆಯೊಂದನ್ನು ಕಟ್ಟಿದರು. ಅದು ಈಗ ವಿಶ್ವವಿದ್ಯಾಲಯ. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲೀಷ್ ಸಂಸ್ಥೆ ಪ್ರಾರಂಭವಾಯಿತು. ಇವು ಜನರ ಹಣದ ಸಂಸ್ಥೆಗಳು. ಒಂದು: ಇವುಗಳ ವಿದ್ಯೆ ತಾಲ್ಲೂಕಿನ ಸಂಜೆ ತರಗತಿಗಳಿಗೆ ಬರಲಿ. ಎರಡು: ಕೋಚಿಂಗ್ ಅಂಗಡಿಗಳಿಗೆ ನೋಂದಣಿ, ದರಪಟ್ಟಿ, ತಪಾಸಣೆ ಇರಲಿ. ಮೂರು: ಹೊರದೇಶದ ಸರಕಾರಗಳೊಡನೆ ಒಪ್ಪಂದವಾಗುವಾಗ, ನಮ್ಮ ಮಕ್ಕಳನ್ನು ತೂಗುವ ಪರೀಕ್ಷೆಯ ಶುಲ್ಕ, ಮೇಲ್ಮನವಿಯ ಹಕ್ಕು, ಪುರಾವೆ ನೋಡುವ ಹಕ್ಕು, ಇವುಗಳ ಮಾತೂ ಆಗಲಿ. ಬಟ್ಟೆಗೆ, ಉಕ್ಕಿಗೆ ಒಪ್ಪಂದ ಮಾಡುವವರಿಗೆ ಮನುಷ್ಯರ ಮಾತು ಏಕೆ ಹೊರಗಿರಬೇಕು?

ಸಂಗಾತಿಗಳೇ, ತಕ್ಕಡಿಗೆ ಮುದ್ರೆ ಒತ್ತಿಸಲು ನಮ್ಮೊಬ್ಬರಿಂದಾಗದು, ಒಟ್ಟಾಗಿ ಕೇಳಬೇಕು. ತರಗತಿ ಮಾತ್ರ ನಮ್ಮ ಕೈಯಲ್ಲಿಯೇ ಇದೆ. ಸೋಮವಾರ ಸಂಜೆ ಏಳಕ್ಕೆ ಮಕ್ಕಳನ್ನು ಕಳುಹಿಸಿ. ಒಂದು ನೋಟುಬುಕ್ಕು, ಒಂದು ಪೆನ್ಸಿಲು ಸಾಕು.